ನೆತ್ತಿಯ ಪಟ್ಟಿ

ನನ್ನ ಸೊಸೆ ಹನಾದಿ ಇಡೀ ವರ್ಷಕ್ಕೆಂದು ಕತ್ತರಿಸಿದ ಮೇಕೆ ಕೂದಲನ್ನೆಲ್ಲ ಸೋಪು ಹಾಕಿ ತೊಳೆದಿಟ್ಟಳು. ಇದನ್ನು ಕೇಳಿದರೆ ನಮ್ಮ ಕಡೆಯ ಹೆಂಗಸರು ಎದೆ ಬಡಿದುಕೊಳ್ಳುತ್ತಾರೆ. ಪೇಟೆಯವರು ಮಾತ್ರ ‘ಪಾಪ, ಒಳ್ಳೆಯದನ್ನೇ ಮಾಡಿದಳಲ್ಲ’ ಎನ್ನುತ್ತಾರೆ. ಯಾರು ಏನಾದರೂ ಅಂದುಕೊಳ್ಳಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ, ನನಗೆ ಸಿಟ್ಟು ಬರುತ್ತದೆ.

ನಾನು ವಸ್ಮಿಯಾ. ಮಆನ್ ಪೇಟೆಯಿಂದ ಮೂಡಣಕ್ಕೆ ಡಾಂಬರು ರಸ್ತೆ ಮುಗಿದ ಮೇಲೂ ಮರಳುಗಾಡಿನಲ್ಲಿ ಸಾಕಷ್ಟು ದೂರ ಬಂದರೆ ನಮ್ಮ ಕರಿ ಗುಡಾರ ಕಾಣುತ್ತದೆ. ನಮ್ಮಲ್ಲಿ ಗುಡಾರ ಹೆಂಗಸಿನ ಸ್ವತ್ತು. ಒಂಟೆ, ಮೇಕೆ, ಪಿಕಪ್ ಗಾಡಿ, ಮುಗಿಯದ ಮಾತು, ಇವು ಗಂಡಸರವು. ಮೇಕೆ ಕೂದಲನ್ನು ನೂತು, ನೆಲದ ಮೇಲೆ ಗೂಟ ಹೊಡೆದು, ಗುಡಾರದ ಉದ್ದಕ್ಕೂ ಬರುವಂಥ ಒಂದು ಪಟ್ಟಿಯನ್ನು ವರ್ಷವರ್ಷವೂ ನೇಯುತ್ತೇವೆ. ನಮ್ಮಲ್ಲಿ ಮಳೆ ಬರುವುದು ಚಳಿಗಾಲದಲ್ಲಿ; ಅದಕ್ಕೆ ಮುಂಚೆ ಗುಡಾರ ಇಳಿಸಿ, ಹೊಸ ಪಟ್ಟಿಯನ್ನು ನಟ್ಟನಡುವೆ, ನೆತ್ತಿಯ ಮೇಲೆ ಹೊಲಿದು, ಹಳೆಯವನ್ನು ಒಂದೊಂದೇ ಪಕ್ಕಕ್ಕೆ ಸರಿಸುತ್ತೇವೆ. ಅಂಚಿಗೆ ಬಂದದ್ದು ಗೋಡೆಯಾಗುತ್ತದೆ, ಗೋಡೆ ಹರಿದರೆ ಚೀಲವಾಗುತ್ತದೆ. ಹೊಸದು ಯಾವಾಗಲೂ ನೆತ್ತಿಗೆ. ಇದು ನಮ್ಮ ಅಜ್ಜಿಯರು ಮಾಡಿಟ್ಟ ಕ್ರಮ, ಮುರಿದವರನ್ನು ನಾನು ಕಂಡಿಲ್ಲ.

ನನ್ನ ಗುಡಾರದ ಪ್ರತಿಯೊಂದು ಎಳೆಯೂ ನನ್ನ ಕೈಯದ್ದು. ಜಂಬವೇನಲ್ಲ, ಜಂಬವಾದರೂ ಸರಿ. ಆದರೆ ಬೆರಳ ಗಂಟುಗಳು ಶುಂಠಿಯ ಹಾಗೆ ಊದಿಕೊಂಡು, ತಕಲಿ ತಿರುಗಿಸಲು ಬಾರದಂತಾಗಿ, ಎರಡು ವರ್ಷ ಹೊಸ ಪಟ್ಟಿ ಬೀಳಲಿಲ್ಲ. ನೆತ್ತಿ ಸವೆದು ಬಿಸಿಲು ಒಳಕ್ಕೆ ಇಣುಕತೊಡಗಿತ್ತು; ಮಳೆ ಮಾತ್ರ ಇನ್ನೂ ಇಣುಕಿರಲಿಲ್ಲ.

ಆಗಲೇ ನನ್ನ ಮಗ ಮುತ್ಲಕ್ ಪೇಟೆಯಲ್ಲಿ ಹನಾದಿಯನ್ನು ಕಂಡದ್ದು. ಅವಳ ಅಪ್ಪ ರಿಫಾತನಿಗೆ ಹಗ್ಗ, ಮೊಳೆ, ಬಕೆಟ್ಟು ಮಾರುವ ಅಂಗಡಿ. ಇವನು ವಾರಕ್ಕೊಮ್ಮೆ ಹಗ್ಗ ಕೊಳ್ಳಲು ಹೋಗುತ್ತಿದ್ದ. ಆ ವರ್ಷ ನಮ್ಮಲ್ಲಿ ಬಿದ್ದಿದ್ದ ಹಗ್ಗದ ರಾಶಿ ನೋಡಿ ಒಂಟೆಗಳಿಗೂ ಗಾಬರಿಯಾಗಿರಬೇಕು.

ಮದುವೆಯ ದಿನ ಬೀಗ ರಿಫಾತ್ ಎಲ್ಲರೆದುರು ನನ್ನನ್ನು ಕೇಳಿದ.

“ಬೀಗಿತ್ತಿ, ನನಗಿರೋದು ಒಬ್ಬಳೇ ಮಗಳು. ಸಿಮೆಂಟಿನ ಮನೇಲಿ ಬೆಳೆದವಳು. ಮೊದಲನೇ ಮಳೆ ಬಂದ ದಿನ ಬರ್ತೀನಿ. ಅವಳ ತಲೆ ಮೇಲೆ ಒಂದು ಹನಿ ಬಿದ್ದಿದ್ರೂ ಚಳಿಗಾಲ ಮುಗಿಯೋವರೆಗೂ ಮನೆಗೆ ಕರ್ಕೊಂಡ್ ಹೋಗ್ತೀನಿ. ಪ್ರತಿ ವರ್ಷ. ಒಪ್ಪಿಗೇನಾ?”

“ನನ್ನ ಗುಡಾರ ಸೋರಿದ್ದನ್ನ ನೋಡಿದೋರು ಇನ್ನೂ ಹುಟ್ಟಿಲ್ಲ ಬೀಗರೇ. ಒಪ್ಪಿಗೆ” ಎಂದುಬಿಟ್ಟೆ.

ಬಾಯಿಗೆ ಬೀಗ ಇರಬೇಕಿತ್ತು. ಚಳಿಗಾಲಕ್ಕೆಂದು ತವರಿಗೆ ಹೋದ ಹುಡುಗಿ ವಸಂತಕ್ಕೆ ತಿರುಗಿ ಬರುತ್ತಾಳೆ ಅಂತ ಯಾರು ಕಂಡಿದ್ದಾರೆ? ಒಂದು ವರ್ಷ ಬರುತ್ತಾಳೆ, ಇನ್ನೊಂದು ವರ್ಷ ಬರುತ್ತಾಳೆ, ಮೂರನೆಯ ವರ್ಷ ಮಗು, ಶಾಲೆ, ಹಲ್ಲುನೋವು ಅಂತ ಏನೋ ಒಂದು ಹೇಳಿ ಕಳಿಸುತ್ತಾಳೆ. ಆಮೇಲೆ ಮುತ್ಲಕನಿಗೆ ಅರ್ಧ ಸಂಸಾರ, ಕೇಳಿದವರಿಗೆಲ್ಲ ಉತ್ತರ ಹೇಳಿ ನನಗೆ ಪೂರ್ತಿ ಬಾಯಿನೋವು.

ಹನಾದಿಗೆ ಹಳೆ ಚೀಲ ಬಿಚ್ಚಿದ ಕೂದಲು ಕೊಟ್ಟು ನೂಲಲು ಕೂರಿಸಿದೆ. ಮೊದಲ ದಿನ ಅವಳು ನೂತ ಎಳೆ ಇಲಿ ನುಂಗಿದ ಹಾವಿನ ಹಾಗಿತ್ತು.

“ಇದೇನೇ ಇದು? ಇಲ್ಲಿ ಹೊಟ್ಟೆ, ಇಲ್ಲಿ ಸೊಂಟ, ಇಲ್ಲಿ ಮತ್ತೆ ಹೊಟ್ಟೆ!”

“ಬಸುರಿ ದಾರ ಅತ್ತೆ” ಎಂದು ಅವಳು ನಕ್ಕಳು. ನನಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಬೈದರೆ ಮುಖ ಊದಿಸಿಕೊಳ್ಳುವ ಜಾತಿಯಲ್ಲ ಅವಳು. ಮೇಕೆಗಳ ಹಿಂದೆ ನಡೆಯುತ್ತಾ ನೂತಳು, ರೊಟ್ಟಿ ಬೇಯುವಷ್ಟು ಹೊತ್ತು ನೂತಳು, ನನ್ನ ಕಾಲು ಒತ್ತುತ್ತಾ ಒಂದು ಕೈಯಲ್ಲಿ ನೂಲಲು ಹೋಗಿ ಬೈಸಿಕೊಂಡಳು. ವಸಂತ ಮುಗಿಯುವ ಹೊತ್ತಿಗೆ ಎಳೆ ಒಂದೇ ಸಮ ಬರತೊಡಗಿತು. ನನ್ನ ಕೈ ಹೋಯಿತು, ಬಾಯಿ ಉಳಿಯಿತು, ಆ ಬಾಯಿಯಿಂದಲೇ ಇವಳ ಕೈ ತಯಾರಾಯಿತು ಅಂತ ಹೆಮ್ಮೆಪಟ್ಟೆ.

ಮೇಕೆಗಳ ಕೂದಲು ಕತ್ತರಿಸಿದೆವು. ಕೋಲಿನಿಂದ ಬಡಿದು ಧೂಳು ಬಿಡಿಸುವುದು ಮುಂದಿನ ಕೆಲಸ. ಅರ್ಧ ದಿನ ಬಡಿದೆ, ರಾತ್ರಿಯೆಲ್ಲ ಕೆಮ್ಮಿದೆ. ಮಾರನೆಯ ದಿನ ನನ್ನ ನಾದಿನಿ ನೋಫಾಳ ಮಗಳಿಗೆ ಹೆರಿಗೆಯೆಂದು ಅವಳ ಮನೆಗೆ ಹೋದೆ. ನೋಫಾ ಸರ್ಕಾರ ಕಟ್ಟಿಸಿದ ಮನೆಗಳಲ್ಲಿ ಒಂದರಲ್ಲಿದ್ದಾಳೆ. ಬಾಗಿಲಿಗೆ ಬಣ್ಣ ಹೊಡೆಸಿದ ಮೇಲೆ ಅವಳ ಮೂಗು ನೆಲ ನೋಡಿದ್ದಿಲ್ಲ.

ಮರಳಿ ಬಂದು ನೋಡುತ್ತೇನೆ: ಮುಳ್ಳುಗಂಟಿಗಳ ಮೇಲೆಲ್ಲ ಕರಿ ಕೂದಲು, ಮದುಮಗಳ ಜಡೆ ಬಿಚ್ಚಿ ಹರವಿದ ಹಾಗೆ ಫಳಫಳ ಹೊಳೆಯುತ್ತಿದೆ. ಸೋಪಿನ ಘಮ. ಹನಾದಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು, ಮುಖ ಹಿಗ್ಗಿ ಹೂವಾಗಿತ್ತು.

“ನೋಡಿ ಅತ್ತೆ! ಒಂದು ಚೂರು ಧೂಳಿಲ್ಲ!”

ಮೇಕೆ ಕೂದಲಿನಲ್ಲಿ ಒಂದು ಜಿಡ್ಡಿರುತ್ತದೆ. ನೀರನ್ನು ಆಚೆಗೆ ದೂಡುವುದು ಆ ಜಿಡ್ಡೇ. ಅದನ್ನು ತೊಳೆದರೆ ಉಳಿಯುವುದು ಬರೀ ಕೂದಲು.

“ಅಯ್ಯೋ ಹಾಳಾದವಳೇ! ಮನೆ ಮುಳುಗಿಸಿದೆಯಲ್ಲೇ! ಮೇಕೆ ಏನು ನಿನ್ನ ಅಪ್ಪನ ಅಂಗಡಿ ಬಕೆಟ್ಟಾ, ತೊಳೆದು ಬೋರಲು ಹಾಕೋಕೆ? ಈ ಕೂದಲಲ್ಲಿ ಈಗ ಗಂಜಿ ಬಸಿಯೋ ಬಟ್ಟೆ ಮಾಡ್ಕೊಬೇಕು! ಇನ್ನೊಂದು ವರ್ಷ ಕೂದಲು ಎಲ್ಲಿಂದ ತರ್ಲಿ? ನಿನ್ನ ಅಪ್ಪ ಬಂದಾಗ ಏನು ಹೇಳ್ಲಿ?”

ಇನ್ನೂ ಏನೇನೋ ಅಂದೆ. ಅವೆಲ್ಲ ಇಲ್ಲಿ ಬೇಡ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಅಂದಳು:

“ನೀವು ಕೆಮ್ತಿದ್ರಿ ಅತ್ತೆ.”

ನಾನು ಹೆತ್ತ ಹೆಣ್ಣುಮಕ್ಕಳು ಮೂವರು, ನನ್ನ ಕೆಮ್ಮನ್ನು ಒಬ್ಬಳೂ ಲೆಕ್ಕಕ್ಕೆ ಇಟ್ಟಿದ್ದಿಲ್ಲ. ಹೋಗಿ ಒಂದು ಹಿಡಿ ಕೂದಲು ತೆಗೆದು ಅವಳ ಕೈಗೆ ತುರುಕಿ, “ಇದನ್ನೇ ನೂಲು. ಹುರಿ ಬಿಗಿಯಾಗಿರಲಿ” ಎಂದೆ.

ಬೇಸಿಗೆಯೆಲ್ಲ ನೂತಳು. ಆಮೇಲೆ ಗೂಟ ಹೊಡೆದು ಹಾಸು ಹಾಕಿದೆವು. ನನ್ನ ಅವ್ವನ ಕಾಲದ ಜಿಂಕೆ ಕೊಂಬು ಕೊಟ್ಟು, ಹೊಕ್ಕಿನ ದಾರ ಎಳೆಯುವ ಪ್ರತಿ ಸಲವೂ ಅದರಿಂದ ಗಟ್ಟಿಸಿ ಕೂರಿಸಲು ಹೇಳಿದೆ. ಅಂಗೈಯಲ್ಲಿ ಗುಳ್ಳೆ ಎದ್ದವು, ಒಡೆದವು, ಚರ್ಮ ದಡ್ಡುಗಟ್ಟಿತು. ಪಟ್ಟಿಯೇನೋ ಒಳ್ಳೆಯ ನೇಯ್ಗೆಯೇ ಆಯಿತು. ನಾನೇ ಬಗ್ಗಿ ಬಗ್ಗಿ ತಪ್ಪು ಹುಡುಕಿದೆ, ಸಿಗಲಿಲ್ಲ, ಸಿಟ್ಟು ಬಂತು. ಜಿಡ್ಡೊಂದಿಲ್ಲ, ಅಷ್ಟೇ.

ಹೊಲಿಗೆಯ ದಿನ ನೋಫಾ ದಬ್ಬಳ ಹಿಡಿದು ಬಂದಳು. ಪಟ್ಟಿಯನ್ನು ಮೂಸಿ ನೋಡಿ ಕಿಸಕ್ಕನೆ ನಕ್ಕಳು.

“ಏನತ್ತಿಗೆ, ಗುಡಾರಕ್ಕೆ ಸ್ನಾನ ಮಾಡ್ಸಿದ್ದೀರಾ? ಇದನ್ನ ಹಿಂದಿನ ಗೋಡೆಗೆ ಹಾಕಿ. ನೆತ್ತಿ ಮೇಲೆ ಪೇಟೆಯಿಂದ ಒಂದು ಟಾರ್ಪಾಲು ತಂದು ಹೊದಿಸಿ. ನೀರೂ ಬೀಳಲ್ಲ, ಮರ್ಯಾದೇನೂ ಹೋಗಲ್ಲ.”

ಹನಾದಿಯೂ ನನ್ನ ಸೆರಗು ಹಿಡಿದಳು. “ಹೌದು ಅತ್ತೆ. ಹಿಂದಕ್ಕೇ ಹಾಕಿ. ಅಪ್ಪ ಬಂದಾಗ ಸೋರಿದ್ರೆ ಹೇಳಿದ ಮಾತು ಬಿಡಲ್ಲ ಅವ್ರು.”

ನಿಜ ಹೇಳುತ್ತೇನೆ, ನನಗೂ ಆಸೆಯಾಯಿತು. ಟಾರ್ಪಾಲು ಹೊದಿಸಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಆದರೆ ಮೊದಲ ಪಟ್ಟಿಯನ್ನೇ ಗೋಡೆಗೆ ಹಾಕಿಸಿಕೊಂಡ ಸೊಸೆಯನ್ನು ಈ ಬಯಲಿನಲ್ಲಿ ಸಾಯುವವರೆಗೂ ಗೋಡೆ ಸೊಸೆ ಅನ್ನುತ್ತಾರೆ. ನಮ್ಮ ಜನರ ನಾಲಿಗೆ ನನಗೆ ಗೊತ್ತಿಲ್ಲವೇ? ನನಗೇ ಆ ನಾಲಿಗೆಯಿದೆ.

“ಹೊಸದು ನೆತ್ತಿಗೆ” ಎಂದೆ. “ನೋಫಾ, ದಬ್ಬಳಕ್ಕೆ ದಾರ ಪೋಣಿಸು. ಬಾಯಿಗೆ ಬೇಡ, ದಬ್ಬಳಕ್ಕೆ.”

ಹೊಲಿಯುವ ಮೊದಲು ಕುರಿಬಾಲದ ಕೊಬ್ಬು ಕರಗಿಸಿ ಪಟ್ಟಿಗೆ ಉಜ್ಜಿದೆವು. ಗುಡಾರ ಎತ್ತಿ ನಿಲ್ಲಿಸಿದ ಮೇಲೆ ಒಲೆಯನ್ನು ಅದರ ಕೆಳಗೇ ತಂದು, ಹಸಿ ಸೌದೆ ಹಾಕಿ ಹೊಗೆ ಉಣಿಸಿದೆವು. ಹೊಗೆ, ಮಸಿ, ಅಡುಗೆಯ ಜಿಡ್ಡು ಸೇರಿ ಬಟ್ಟೆ ತಾನಾಗಿ ನೀರು ತಡೆಯುವಂತಾಗಲು ಕಾಲ ಬೇಕು. ನಮ್ಮ ನಾಯಿ ಮಾತ್ರ ಆ ಕೊಬ್ಬಿನ ವಾಸನೆಗೆ ಊಟ ಬಿಟ್ಟು ಆಕಾಶ ನೋಡುತ್ತಾ ಕೂತಿರುತ್ತಿತ್ತು. ನಾನೂ ಆಕಾಶವನ್ನೇ ನೋಡುತ್ತಿದ್ದೆ, ಇನ್ನೊಂದಷ್ಟು ದಿನ ತಡಿಯಪ್ಪಾ ಎಂದು ಬೇಡಿಕೊಳ್ಳುತ್ತಾ.

ತಡೆಯಲಿಲ್ಲ. ಒಂದು ಮಧ್ಯಾಹ್ನ ಪಡುವಣ ಕಪ್ಪಾಗಿ ಮಳೆ ಹೊಡೆಯಿತು. ಮಳೆಯ ಹಿಂದೆಯೇ ರಿಫಾತನ ಗಾಡಿ ಕೆಸರು ಹಾರಿಸುತ್ತಾ ಬಂತು. ಮಾತಿನ ಮನುಷ್ಯ, ಏನು ಮಾಡುವುದು! ಮುತ್ಲಕ್ ಅವನನ್ನು ಗಂಡಸರ ಕಡೆ ದಿಂಬಿಟ್ಟು ಕೂರಿಸಿ ಕಾಫಿ ಬಗ್ಗಿಸಿದ. ನಾನು ಎದುರಿಗೆ ಕೂತೆ. ಹನಾದಿ ಮತ್ತು ಬೆಳಗ್ಗೆಯೇ ಬಂದಿದ್ದ ನೋಫಾ ಪರದೆಯ ಆಚೆ ರೊಟ್ಟಿ ತಟ್ಟುತ್ತಿದ್ದರು. ನನ್ನ ಕಣ್ಣು ಮಾತ್ರ ನೆತ್ತಿಯ ಮೇಲೇ ಇತ್ತು. ಪಟ್ಟಿ ತಡೆಯಿತು. ಒಂದು ಲೋಟ ಕಾಫಿಯಾಗುವವರೆಗೂ ತಡೆಯಿತು. ಎರಡನೆಯದು ಬಗ್ಗಿಸುವಾಗ ಒಂದು ಹನಿ ದಪ್ಪಗಾಗಿ, ತೂಗಾಡಿ, ಟಪ್ಪೆಂದು ರಿಫಾತನ ತಲೆವಸ್ತ್ರದ ಮೇಲೆ ಬಿತ್ತು. ಅವನು ಮೇಲೆ ನೋಡಿದ. ಇನ್ನೊಂದು ಅವನ ಮೂಗಿನ ಮೇಲೆ ಬಿತ್ತು.

ಮುತ್ಲಕನ ಕೈಯಲ್ಲಿ ಕಾಫಿ ಪಾತ್ರೆ ಹಾಗೇ ನಿಂತಿತು.

“ಬೀಗಿತ್ತಿ,” ಎಂದ ರಿಫಾತ್, “ಇದು ಯಾರ ಕೈಕೆಲಸ?”

“ನನ್ನದೇ” ಎಂದೆ. “ವಯಸ್ಸಾಯ್ತಲ್ಲ ಬೀಗರೇ, ಬುದ್ಧಿ ಕೆಟ್ಟು ಕೂದಲನ್ನ ತೊಳೆದುಬಿಟ್ಟೆ. ಹುಡುಗಿದೇನೂ ತಪ್ಪಿಲ್ಲ.”

ಪರದೆಯ ಆಚೆ ನೋಫಾ ‘ಹಾ!’ ಎಂದದ್ದು ಕೇಳಿಸಿತು. ಸಂಜೆಯೊಳಗೆ ಇಡೀ ಬಯಲಿಗೆ ಸುದ್ದಿ ಮುಟ್ಟುತ್ತದೆ ಅಂತ ಗೊತ್ತಿತ್ತು: ವಸ್ಮಿಯಾ ಕೂದಲು ತೊಳೆದಳಂತೆ, ವಸ್ಮಿಯಾಳ ಗುಡಾರ ಸೋರಿತಂತೆ. ಆದರೂ ಅಂದದ್ದನ್ನು ನುಂಗಲಿಲ್ಲ.

ಪರದೆ ಸರಕ್ಕನೆ ಸರಿಯಿತು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹನಾದಿ ಬಂದಳು.

“ಸುಳ್ಳು ಅಪ್ಪ! ಅತ್ತೆ ನೇಯ್ದಿದ್ದು ಈ ಕಡೆ ನೋಡಿ, ಆ ಕಡೆ ನೋಡಿ. ಒಂದು ಹನಿ ಇದ್ಯಾ? ಸೋರ್ತಿರೋದು ನಂದು. ತೊಳೆದು ಕೆಡಿಸಿದೋಳು ನಾನು, ನೂತೋಳು ನಾನು, ನೇಯ್ದೋಳೂ ನಾನೇ.”

“ನೀನಾ?” ರಿಫಾತ್ ಎದ್ದು ನಿಂತ. “ಇದಷ್ಟೂ? ಆ ತುದಿಯಿಂದ ಈ ತುದಿಗಂಟ?”

“ಅಷ್ಟೂ.”

“ನಮ್ಮನೇಲಿ ಕುಡಿದ ಲೋಟ ಎತ್ತಿಡ್ತಿರ್ಲಿಲ್ಲ ಕಣೇ ನೀನು!” ಎನ್ನುತ್ತಾ ಅವನು ಮಗುವಿನ ಕೆನ್ನೆ ಸವರುವಷ್ಟು ಮೆತ್ತಗೆ ಆ ಪಟ್ಟಿಯನ್ನು ಸವರಲು ಅಂಗೈ ಎತ್ತಿದ.

“ಅಪ್ಪಾ! ಕೈ ತೆಗೀರಿ!” ಹನಾದಿ ಕಿರುಚಿದಳು. “ಮಳೇಲಿ ಗುಡಾರದ ಬಟ್ಟೆ ಯಾರಾದ್ರೂ ಮುಟ್ತಾರಾ?”

ಹೊತ್ತು ಮೀರಿತ್ತು. ಮುಟ್ಟಿದ ಕಡೆಯೆಲ್ಲ ನೀರು ದಾರಿ ಮಾಡಿಕೊಂಡು ಅವನ ತೋಳಿನೊಳಗೆ ಇಳಿದು ಕಂಕುಳವರೆಗೂ ಹೋಯಿತು. ಹನಾದಿ ಅವನನ್ನು ಆಚೆಗೆ ತಳ್ಳಿ, ಸೋರುವ ಜಾಗಕ್ಕೆ ಬೆರಳೂರಿ, ಬಟ್ಟೆಯ ಮೇಲೆ ಇಳಿಜಾರಿನಲ್ಲಿ ಗೆರೆ ಎಳೆದಂತೆ ಗೋಡೆಯ ತನಕ ಬೆರಳನ್ನು ತಂದಳು. ನೀರು ಅವಳ ಬೆರಳ ಹಿಂದೆಯೇ ಹರಿದು ಹೊರಗೆ ಹೋಯಿತು. ಹಾಗೆ ಮಾಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಯಾವಾಗ ನೋಡಿ ಕಲಿತಳೋ.

“ಹೆತ್ತವರಿಗೆ ಹೆಗ್ಗಣ ಮುದ್ದು” ಎಂದು ಪರದೆಯ ಹಿಂದೆ ನೋಫಾ ಗೊಣಗಿದಳು.

ರಿಫಾತ್ ತೋಳು ಹಿಂಡಿಕೊಂಡು ಗಂಟಲು ಸರಿಮಾಡಿಕೊಂಡ. “ಅದೆಲ್ಲ ಸರಿ. ಮಾತು ಮಾತೇ. ಸೋರಿದೆ. ನಡಿ, ಬಟ್ಟೆ ಕಟ್ಟಿಕೋ.”

“ಮಾತು ಏನಿತ್ತು ಅಪ್ಪ? ನನ್ನ ತಲೆ ಮೇಲೆ ಹನಿ ಬಿದ್ರೆ ಅಂತ. ಬಿದ್ದಿದ್ದು ನಿಮ್ಮ ತಲೆ ಮೇಲೆ.”

ಮುತ್ಲಕ್ ಮೊದಲು ನಕ್ಕ, ತಡೆಯಲಾರದೆ ನಾನೂ ನಕ್ಕೆ, ಕೊನೆಗೆ ರಿಫಾತನೂ ಮೂಗು ಒರೆಸಿಕೊಳ್ಳುತ್ತಾ ನಕ್ಕುಬಿಟ್ಟ. ರೊಟ್ಟಿ, ಮೊಸರು, ಮಾಂಸ ಎಲ್ಲ ತಿಂದು, ಮಗಳ ಹಣೆಗೆ ಮುತ್ತಿಟ್ಟು, ಮಳೆ ಸಣ್ಣಗಾದ ಮೇಲೆ ಒಬ್ಬನೇ ಹೊರಟ.

ಹನಾದಿ ಹೊರಗೆ ನಿಂತು ಗಾಡಿ ಮರೆಯಾಗುವವರೆಗೂ ನೋಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳ ಕೆನ್ನೆ ಒದ್ದೆಯಾಗಿತ್ತು. ಮಳೆಯಿಂದಲ್ಲ.

“ಹೋಗ್ಬೇಕು ಅನ್ನಿಸ್ತೇನೇ?”

“ಹೂಂ ಅತ್ತೆ. ತುಂಬಾ.”

“ಮತ್ತೆ ಯಾಕೆ ಹೋಗ್ಲಿಲ್ಲ?”

ಅವಳು ಮೂಗೆಳೆದುಕೊಂಡು ನನ್ನನ್ನು ನೋಡಿದಳು, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವ ಹಾಗೆ.

“ಸೋರ್ತಾ ಇದೆಯಲ್ಲ. ಬಿಟ್ಟು ಹೆಂಗೆ ಹೋಗ್ಲಿ?”

ಊದಿದ ಬೆರಳುಗಳಿಂದಲೇ ಅವಳ ಕೆನ್ನೆ ಒರೆಸಿದೆ. ಆಮೇಲೆ ಅವಳು ಒಳಗೆ ಹೋಗಿ ಒಲೆಗೆ ಹಸಿ ಸೌದೆ ಇಟ್ಟಳು.