ಕಣ್ಣು ಹೊಡೆಯುವ ಗಾಡಿ

ನನ್ನ ಗಾಡಿ ಮೊದಲ ಸಲ ಕಣ್ಣು ಹೊಡೆದದ್ದು ನಮ್ಮ ಕಾರ್ಖಾನೆಯ ವಾಚ್‌ಮನ್‌ಗೆ. ಪಾಪ, ಮೊಮ್ಮಕ್ಕಳಿರುವ ಮನುಷ್ಯ. ಗೇಟಿನ ಕಡೆ ತಿರುಗಲು ಇಂಡಿಕೇಟರ್ ಹಾಕಿದೆ ನೋಡಿ, ಅದರ ತಾಳಕ್ಕೆ ಹೆಡ್‌ಲೈಟೂ ಮಂಕಾಯಿತು, ಝಗ್ಗನೆ ಹೊತ್ತಿತು, ಮತ್ತೆ ಮಂಕಾಯಿತು. ಅವನು ಹಿಂದಕ್ಕೆ ತಿರುಗಿ, ಇದು ಯಾರಿಗಿರಬಹುದು ಎಂದು ಹುಡುಕಿದ. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ಈ ಬೈಕು ಮೊದಲು ಅಪ್ಪನದು. ಅಪ್ಪ ಬಣ್ಣದ ಕೆಲಸದವನು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ, ಒಟ್ಟಿನಲ್ಲಿ ಕಬ್ಬಿಣ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಗಾಡಿಯನ್ನು ನನಗೆ ಕೊಟ್ಟ. ಅದರ ಹಳೇ ಲೈಟು ಹೊತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಟಾರ್ಚು ಬೇಕಿತ್ತು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ನನಗೆ ಸಂಜೆ ಪಾಳಿಯ ಕೆಲಸ ಸಿಕ್ಕಿದ್ದೇ, ಮೊದಲ ಸಂಬಳದಲ್ಲಿ ಹೊಸ ಎಲ್‌ಇಡಿ ಹೆಡ್‌ಲೈಟು ಹಾಕಿಸಿದೆ. ರಸ್ತೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳಕು. ಆ ಸಂಭ್ರಮ ಒಂದೇ ದಿನದ್ದು. ಮರುದಿನವೇ ವಾಚ್‌ಮನ್ ಪ್ರಕರಣ.

ನಾನು ಕೆಲಸ ಮುಗಿಸಿ ಮನೆ ಸೇರುವ ತನಕ ಅಮ್ಮ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು. ವಿಷಯ ಕಿವಿಗೆ ಬಿದ್ದದ್ದೇ ತೀರ್ಪು ಕೊಟ್ಟಳು.

"ಮೆಕ್ಯಾನಿಕ್ ಹತ್ರ ತೋರ್ಸು. ಸರಿ ಹೋಗ್ಲಿಲ್ವಾ, ಗಾಡಿ ಮಾರ್ಬಿಡೋದು. ಮಾವ ಕಾರಲ್ಲಿ ಬಿಟ್ಟು ಬರ್ತಾನೆ."

ಮಾವ ಎಂದರೆ ಅಮ್ಮನ ತಮ್ಮ. ಕೋಳಿ ಗೂಡು ಸೇರುವ ಹೊತ್ತಿಗೆ ಮಲಗುವ ಆಸಾಮಿ. ಅವನ ಕಾರು ನೆಚ್ಚಿಕೊಂಡರೆ ಸಂಜೆ ಪಾಳಿ ಬಿಡಬೇಕು, ಹಗಲು ಪಾಳಿಯಲ್ಲಿ ಜಾಗ ಖಾಲಿಯಿಲ್ಲ. ಲೈಟು ಹೋದರೆ ಕೆಲಸವೂ ಹೋದಂತೆ. ನನಗೆ ಆ ಕೆಲಸ ಬೇಕಿತ್ತು. ಗಾಡಿ ಓಡಿಸಿಕೊಂಡು ಹೋಗುವ ಆ ರಸ್ತೆ ಅದಕ್ಕಿಂತ ಹೆಚ್ಚು ಬೇಕಿತ್ತು.

ನಮ್ಮ ಮೆಕ್ಯಾನಿಕ್‌ಗೆ 'ಆಗತ್ತೆ' ಎಂದೇ ಹೆಸರು. ಹೊಸ ಲೈಟು ಕೂರಿಸಿದ್ದೂ ಅವನೇ. ಏನು ಕೇಳಿದರೂ "ಆಗತ್ತೆ, ಆಗತ್ತೆ" ಅನ್ನುತ್ತಾನೆ, ಒಂದೊಂದು ಸಲ ಆಗುತ್ತದೆ ಕೂಡ. ಮೊದಲು ಸ್ವಿಚ್ಚು ಬದಲಿಸಿದ. ಲೈಟು ಮಿನುಗದೆ ಕಲ್ಲಿನಂತೆ ನಿಂತಿತು. ಮನೆಗೆ ತಂದೆ; ಮರುದಿನ ಮತ್ತೆ ಕಣ್ಣು. ಆಮೇಲೆ ಇಂಡಿಕೇಟರ್ ಮಿನುಗಿಸುವ ರಿಲೇ ಬದಲಿಸಿದ. ಅದೇ ಕಥೆ. ಗಾಡಿ ಅವನ ಅಂಗಡಿಯಲ್ಲಿ ಸಾಧು, ನಮ್ಮ ಮನೆಯಲ್ಲಿ ಪುಂಡ.

"ಲೈಟು ಸರಿಯಾಗೇ ಇದೆ ಅಕ್ಕ. ದೋಷ ಇರೋದು ನಿಮ್ಮನೇಲಿ," ಎಂದ. ನಾನು ಅದನ್ನು ಉಡಾಫೆ ಎಂದುಕೊಂಡು ಚೆನ್ನಾಗಿ ಬೈದೆ. ಮನೆಯಲ್ಲಿ ಅಮ್ಮ ಆಗಲೇ ಮಾವನಿಗೆ ಫೋನು ಮಾಡಿದ್ದಳು. ಕೈಕಾಲು ಹಿಡಿದು ಇನ್ನೊಂದೇ ಸಲ ಎಂದು ಒಪ್ಪಿಸಿದೆ.

ಮೂರನೇ ಸಲ ಮೆಕ್ಯಾನಿಕ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಅವನ ಕೈಯನ್ನೇ ನೋಡಿದೆ. ಬೇರೆಲ್ಲ ಮುಗಿಸಿ, ಟ್ಯಾಂಕಿನ ಕೆಳಗಿನ ಒಂದು ಬೋಲ್ಟು ಬಿಚ್ಚಿ, ಅದರಡಿಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜತೊಡಗಿದ.

"ಇದ್ಯಾಕೆ?"

"ಲೈಟು, ಹಾರ್ನು, ಇಂಡಿಕೇಟರ್, ಎಲ್ಲಕ್ಕೂ ಅರ್ಥಿಂಗ್ ಇದೇ ಕರಿ ವೈರು. ಬರೀ ಕಬ್ಬಿಣಕ್ಕೇ ತಾಗಿರ್ಬೇಕು. ಮಧ್ಯ ಏನಾದ್ರೂ ಬಂದ್ರೆ ಒಂದರ ಕರೆಂಟು ಇನ್ನೊಂದು ಎಳ್ಕೊಳತ್ತೆ. ಅದಕ್ಕೇ ಪ್ರತಿ ಸಲ ಉಜ್ಜಿ ಹಾಕ್ತೀನಿ."

ಪ್ರತಿ ಸಲ ಉಜ್ಜುವಷ್ಟು ಬಣ್ಣ ಅಲ್ಲಿಗೆ ಎಲ್ಲಿಂದ ಬರುತ್ತದೆ ಎಂದು ಅವನೂ ಯೋಚಿಸಲಿಲ್ಲ, ನನ್ನ ಮಂಡೆಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ, ಅಪ್ಪ ಸ್ಟೂಲು ಹಾಕಿಕೊಂಡು ಗಾಡಿಯ ಮುಂದೆ ಕೂತಿದ್ದಾನೆ. ಹಲ್ಲಿನ ನಡುವೆ ಬೋಲ್ಟು, ಕೈಯಲ್ಲಿ ಸಣ್ಣ ಕುಂಚ, ಪಕ್ಕದಲ್ಲಿ ಕರಿ ಬಣ್ಣದ ಡಬ್ಬಿ.

"ಅಪ್ಪಾ, ಏನ್ ಮಾಡ್ತಿದೀಯ?"

ಬೋಲ್ಟನ್ನು ಬಾಯಿಂದ ತೆಗೆದ. "ಆ ಮೆಕ್ಯಾನಿಕ್‌ಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ಪ್ರತಿ ಸಲ ಇದೇ ಜಾಗ ಕೆರೆದು ಕಳಿಸ್ತಾನೆ. ಕಬ್ಬಿಣಾನ ಹಿಂಗೆ ಬೆತ್ತಲೆ ಬಿಟ್ರೆ ತುಕ್ಕು ತಿನ್ನಲ್ವಾ? ನಾನೂ ಬಿಡ್ಲಿಲ್ಲ. ಬಿಚ್ಚಿ, ಎರಡು ಕೋಟು ಹೊಡೆದು, ಒಣಗಿದ್ಮೇಲೆ ಮತ್ತೆ ಬಿಗಿ ಮಾಡಿ ಇಡ್ತಿದೀನಿ. ಯಾರಿಗೂ ಗೊತ್ತಾಗಲ್ಲ, ನೋಡು."

"ಲೈಟಿಗೆ ಗೊತ್ತಾಗತ್ತಪ್ಪಾ!"

ಕೋಪ ನೆತ್ತಿಗೇರಿತ್ತು. ಸ್ವಿಚ್ಚು, ರಿಲೇ, ವಾಚ್‌ಮನ್, ಮಾವನ ಕಾರು, ಹೋಗಲಿರುವ ಕೆಲಸ, ಎಲ್ಲವನ್ನೂ ಒಂದೇ ಉಸಿರಿಗೆ ಅವನ ಮೇಲೆ ಸುರಿದೆ. ಅಪ್ಪ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ.

"ನನ್ ಕೈಲಿ ಇನ್ನೇನಾಗತ್ತೆ ಹೇಳು. ಕತ್ತಲಲ್ಲಿ ಬರ್ತೀಯ, ಕರ್ಕೊಂಡ್ ಬರೋಣ ಅಂದ್ರೆ ಮೊಣಕಾಲು ಕೇಳಲ್ಲ. ಗಾಡಿಗೆ ತುಕ್ಕು ಹಿಡೀದ ಹಾಗಾದ್ರೂ ನೋಡ್ಕೊಳೋಣ ಅನ್ಕೊಂಡೆ."

ನನ್ನ ಕೋಪ ಜರ್ರನೆ ಇಳಿಯಿತು. ಇಷ್ಟು ಹೊತ್ತು ಕಿರುಚಿದ್ದಕ್ಕೆ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮ.

"ಅಂದ್ರೆ ಇಷ್ಟು ದಿನ ಊರಿಗೆಲ್ಲ ಕಣ್ಣು ಹೊಡೆಸ್ತಿದ್ದೋರು ನೀವಾ?"

ಅಪ್ಪ ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಮರಳು ಕಾಗದ ಅವನ ಕೈಗೇ ಕೊಟ್ಟೆ. ತನ್ನ ಹಲ್ಲು ತಾನೇ ಕೀಳುವವನ ಮುಖ ಮಾಡಿಕೊಂಡು, ಹಸಿ ಬಣ್ಣ ಒರೆಸಿ, ಕಬ್ಬಿಣ ಫಳಫಳ ಹೊಳೆಯುವ ತನಕ ಉಜ್ಜಿದ. ವೈರು ಕೂರಿಸಿ ಬೋಲ್ಟು ಬಿಗಿದ. ಇಂಡಿಕೇಟರ್ ಹಾಕಿದೆ. ಎದುರು ಗೋಡೆಯ ಮೇಲೆ ಬೆಳಕು ಅಲ್ಲಾಡಲಿಲ್ಲ. ಅಮ್ಮ ನಂಬದೆ ಹಾರ್ನು ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಪಕ್ಕದ ಮನೆಯವರು ಇಣುಕುವ ತನಕ ಒತ್ತಿದಳು. ಆಮೇಲೆ ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿ, ಕಾರು ಬೇಡ ಎಂದಳು.

ಆ ಸಂಜೆ ಇಂಡಿಕೇಟರ್ ಹಾಕಿ ಗೇಟಿಗೆ ತಿರುಗಿದರೆ, ವಾಚ್‌ಮನ್ ಮೀಸೆ ತೀಡಿಕೊಂಡು ಕಾಯುತ್ತಿದ್ದ. ಬೆಳಕು ನೆಟ್ಟಗೇ ಇತ್ತು. ಅವನಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು.

ವಾರ ಕಳೆದು, ಗಾಡಿ ಒರೆಸುವಾಗ ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದೆ. ಬೋಲ್ಟಿನ ಸುತ್ತ ಕಬ್ಬಿಣ ಬೆತ್ತಲೆಯಾಗಿಯೇ ಇತ್ತು. ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ಒಂದು ಕೆಂಪು ಉಂಗುರ, ಅದರಡಿ ಅಪ್ಪನ ಮುದ್ದಾದ ಅಕ್ಷರದಲ್ಲಿ ಎಚ್ಚರಿಕೆ: "ಇಲ್ಲಿ ಬಣ್ಣ ಹಚ್ಚಬಾರದು."

ನಮ್ಮ ಮನೆಯಲ್ಲಿ ಬಣ್ಣ ಹಚ್ಚುವವನು ಅವನೊಬ್ಬನೇ.