ಬಾಯಿಪಾಠ

ಆ ಮನೆಯ ಯಜಮಾನನಿಗೆ ಬಸ್ ಡಿಪೋದವರು ಇಟ್ಟ ಹೆಸರು ರೇಡಿಯೋ. ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದ ಮನುಷ್ಯ. ಒಂದು ಟಿಕೆಟ್ ಹರಿದು ಕೊಡುವಷ್ಟರಲ್ಲಿ ಪ್ರಯಾಣಿಕರ ಮನೆಯ ಕಷ್ಟಸುಖವೆಲ್ಲ ಕೇಳಿ, ತನ್ನದನ್ನೂ ಬಡ್ಡಿ ಸೇರಿಸಿ ಹೇಳಿ ಮುಗಿಸುತ್ತಿದ್ದ. ಅರಳು ಹುರಿದ ಹಾಗೆ ಮಾತು. ಅಂಥವನ ಕೈಯಿಂದ ಅಕ್ಟೋಬರಿನ ಒಂದು ಬೆಳಿಗ್ಗೆ, ಗಡ್ಡ ಹೆರೆಯುತ್ತಿದ್ದಾಗ, ರೇಜರ್ ಜಾರಿ ಬಿತ್ತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಹದಿನೆಂಟು ದಿನ ಕಳೆದು ಮನೆಗೆ ಬಂದಾಗ ಬಲಗಾಲು ಎಳೆಯುತ್ತ ನಡೆಯುತ್ತಿದ್ದ, ಎಡಗೈಯಲ್ಲಿ ಚಮಚ ಹಿಡಿಯುತ್ತಿದ್ದ. ಮನೆಯವರು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಅವನ ಬಾಯಲ್ಲಿ ಮಾತ್ರ ಒಂದೇ ಒಂದು ಪದ ಉಳಿದಿತ್ತು: "ಅದು."

ನೀರು ಬೇಕಾದರೂ ಅದು, ಕಿಟಕಿ ಮುಚ್ಚಬೇಕಾದರೂ ಅದು, ಹೆಂಡತಿ ಕೆಲಸ ಮುಗಿಸಿ ಬಾಗಿಲು ತೆಗೆದರೂ ಅದು.

ಹೆಂಡತಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಒಗೆದ ಚಾದರಗಳನ್ನು ಬಿಸಿ ರೋಲರಿನ ಬಾಯಿಗೆ ಕೊಡುವ ಕೆಲಸ. ಈ ತುದಿ ಒಬ್ಬಳು, ಆ ತುದಿ ಒಬ್ಬಳು, ಎಳೆದು ಹಿಡಿದು ಒಂದೇ ಸಮ ಬಿಡಬೇಕು. ಒಬ್ಬಳು ಅವಸರ ಮಾಡಿದರೆ ಚಾದರ ಸೊಟ್ಟಗಾಗಿ ಮುದುಡುತ್ತದೆ. ದಿನಕ್ಕೆ ಏಳುನೂರು ಚಾದರ. ಅಲ್ಲಿಯ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಿಂದೆಲ್ಲ ಅವಳಿಗೆ ಮನೆಯ ಗಲಾಟೆಗಿಂತ ಲಾಂಡ್ರಿಯೇ ವಾಸಿ ಅನಿಸುತ್ತಿತ್ತು. ಈಗ ಮನೆಗೆ ಬಂದರೆ ಆ ನಿಶ್ಶಬ್ದಕ್ಕೆ ಕಿವಿ ಗುಂಯ್‌ಗುಡುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಜಮಾನ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳಿ ಆಮೆನ್ ಅನ್ನುವವರೆಗೆ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ. ಅವನ ಸ್ತೋತ್ರವೇನು ಚಿಕ್ಕದೇ? ಊಟದಿಂದ ಹೊರಟರೆ ಬೆಳೆದವರು, ಬೇಯಿಸಿದವರು, ರಸ್ತೆಯಲ್ಲಿರುವವರು, ಹಾಸಿಗೆ ಹಿಡಿದವರು ಎಂದು ಸ್ಟಾಪು ಸ್ಟಾಪಿಗೂ ನಿಂತು, ಕೊನೆಗೆ ಕರ್ತನ ನಾಮದಲ್ಲಿ ಬಂದು ಇಳಿಯುತ್ತಿತ್ತು. ವರ್ಷಗಟ್ಟಲೆ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಗಳು ಚಿಕ್ಕವಳಿದ್ದಾಗ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಮಾತು ನಿಂತ ದಿನದಿಂದ ಸ್ತೋತ್ರವೂ ನಿಂತಿತು. ಹೆಂಡತಿ ಅವನಿಗೆ ಬಡಿಸಿ, ತಾನು ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ನುಂಗುತ್ತಿದ್ದಳು. ಭಾನುವಾರ ದೇವಾಲಯಕ್ಕೇನೋ ಹೋಗುತ್ತಿದ್ದಳು, ಆದರೆ ಹಾಡಿನ ಪುಸ್ತಕ ತೆರೆದು ಹಿಡಿದು ತುಟಿ ಬಿಗಿದು ನಿಲ್ಲುತ್ತಿದ್ದಳು. ಡಿಸೆಂಬರ್ ಬಂತು, ಕ್ರಿಸ್‌ಮಸ್ ಹತ್ತಿರವಾದಂತೆ ದೇವಪೀಠದ ಮೇಲೆ ವಾರಕ್ಕೊಂದು ಮೇಣದಬತ್ತಿ ಹೆಚ್ಚಾಯಿತು. ಅವಳು ಮನಸ್ಸಿನಲ್ಲೇ ಕೇಳಿದ್ದು ಒಂದೇ: ಅವನು ನನ್ನ ಮುಖ ನೋಡಿ ನನಗೇ ಅಂತ ಒಂದು ಮಾತು ಆಡಲಿ. ಬೈಗುಳವಾದರೂ ಸರಿ.

ಮಂಗಳವಾರ ಮಂಗಳವಾರ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಇರುತ್ತಿದ್ದಳು. ಇನ್ನೂ ಚಿಕ್ಕ ವಯಸ್ಸು. ಲೋಟ, ಬೀಗದ ಕೈ, ಬಾಚಣಿಗೆಯ ಚಿತ್ರಗಳನ್ನು ಒಂದೊಂದಾಗಿ ಅವನ ಮುಂದೆ ಹಿಡಿಯುತ್ತಿದ್ದಳು. ಅವನು ಬೆವರುತ್ತಿದ್ದ. ಹೆಂಡತಿಗೆ ತಡೆಯಲಾಗದೆ "ಲೋಟ ಅನ್ನಿ, ಲೋ..." ಎಂದುಬಿಡುತ್ತಿದ್ದಳು.

"ನೀವು ಬಾಯಿ ಹಾಕ್ಬೇಡಿ ಅಮ್ಮ," ಎನ್ನುತ್ತಿದ್ದಳು ಮೇಡಂ. "ಎಷ್ಟು ಹೊತ್ತಾದ್ರೂ ಆಗ್ಲಿ, ಅವರೇ ಹುಡುಕ್ಲಿ."

ಕ್ರಿಸ್‌ಮಸ್ ದಿನ ಮಧ್ಯಾಹ್ನ ಮಗಳು ಹಟ ಹಿಡಿದಳು. ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಊರಿನವರ ಕಾಲು ಹಿಡಿಯುವ ಹುಡುಗಿ, ಆದರೆ ಮನೆಯಲ್ಲಿ ಯಾರಿಗೂ ಬಗ್ಗುವವಳಲ್ಲ. "ಇವತ್ತಾದ್ರೂ ಮೂರು ಜನ ಒಟ್ಟಿಗೆ ಕೂತು ಉಣ್ಣೋಣ. ಸ್ತೋತ್ರ ನಾನೇ ಹೇಳ್ತೀನಿ" ಎಂದು ಅಮ್ಮನನ್ನು ಎಳೆದು ತಂದು ಕೂರಿಸಿದಳು. ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿ ಶುರು ಮಾಡಿದಳು: "ಕೃಪೆಯುಳ್ಳ ತಂದೆಯೇ, ಈ ಹೊತ್ತಿನ ಊಟಕ್ಕಾಗಿ..."

ಮುಂದಿನದು ಅವಳಿಗೆ ನೆನಪಾಗಲಿಲ್ಲ. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ದನಿ ಬಂತು. "ನಿನಗೆ ಸ್ತೋತ್ರ ಮಾಡುತ್ತೇವೆ ತಂದೆಯೇ. ಇದನ್ನು ಬೆಳೆದವರನ್ನೂ ಬೇಯಿಸಿದವರನ್ನೂ ಆಶೀರ್ವದಿಸು. ರಸ್ತೆಯಲ್ಲಿರುವವರನ್ನು ಕಾಪಾಡು..." ಅದೇ ಕಂಡಕ್ಟರ್ ದನಿ, ಒಂದು ಕಡೆಯೂ ತಡವರಿಸದೆ, ಆಮೆನ್‌ವರೆಗೆ ಹೋಗಿ ನಿಂತಿತು.

ತಾಯಿ ಮಗಳು ತಬ್ಬಿಕೊಂಡು ಅತ್ತರು. ಅವನು ಇಬ್ಬರನ್ನೂ ಬೆರಗಿನಿಂದ ನೋಡಿ "ಅದು?" ಎಂದ.

ಹೋದ ಜೀವ ಬಂದ ಹಾಗಾಯಿತು ಅವಳಿಗೆ. ಊಟವನ್ನು ಅಷ್ಟಕ್ಕೇ ಬಿಟ್ಟು, ಎಂಜಲು ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಲೇ ಪಾಸ್ಟರ್ ಮನೆಗೆ ಓಡಿದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು. ಆ ದೇವಾಲಯದ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆಗೆ ಒಂದೊಂದು ವರ್ಷ ಒಂದೊಂದು ಕುಟುಂಬ ಮುಂದೆ ನಿಂತು, ಕಳೆದ ವರ್ಷ ದೇವರು ಮಾಡಿದ ಉಪಕಾರವನ್ನು ಹೇಳಿ ಸ್ತೋತ್ರ ಸಲ್ಲಿಸುವ ರೂಢಿ.

"ಈ ಸಲ ನಮ್ಮ ಮನೆಯವರು ಹೇಳ್ತಾರೆ ಅಯ್ಯನವರೇ," ಎಂದಳು.

ಪಾಸ್ಟರ್ ಹುಬ್ಬೇರಿಸಿದರು. "ಹೇಳ್ತಾರಾ ತಾಯಿ?"

"ಕಿವಿಯಾರೆ ಕೇಳಿ ಬಂದಿದೀನಿ."

ಅಲ್ಲಿಂದ ನಾಲ್ಕು ದಿನ ಊಟದ ಹೊತ್ತಿಗೆಲ್ಲ ಅವಳು ಮೊದಲ ಸಾಲು ಎತ್ತಿಕೊಡುವುದು, ಅವನು ಕೊನೆ ಮುಟ್ಟಿಸುವುದು. ಆಮೆನ್ ಆದಮೇಲೆ ಅವಳು ಚಮಚ ಮುಟ್ಟದೆ ಅವನ ಮುಖ ನೋಡುತ್ತ ಕೂರುತ್ತಿದ್ದಳು. ಈಗ ಬರುತ್ತದೆ, ಇಷ್ಟು ಬಂದಮೇಲೆ ಇನ್ನೊಂದು ಬಾರದೇ ಇದ್ದೀತೇ? ಅವನು ಉಪ್ಪಿನ ಡಬ್ಬಿ ತೋರಿಸಿ "ಅದು" ಎನ್ನುತ್ತಿದ್ದ.

ಮಂಗಳವಾರ ಮೇಡಂಗೆ ಹೇಳಿದಳು. ಆ ಹುಡುಗಿ ಕುಣಿದಾಡಬಹುದು ಅಂದುಕೊಂಡಿದ್ದಳು. ಅವಳು ಚಿತ್ರದ ಕಾರ್ಡುಗಳನ್ನು ಕೆಳಗಿಟ್ಟು, ಬೇಡದ ಸುದ್ದಿ ಹೇಳುವವರ ಹಾಗೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮ, ಅದು ಬಾಯಿಪಾಠ. ದಿನಾ ತಪ್ಪದೆ, ವರ್ಷಗಟ್ಟಲೆ, ಒಂದೇ ಥರ ಹೇಳಿದ್ದು ಮಿದುಳಲ್ಲಿ ಬೇರೆ ಕಡೆ ಕೂತಿರುತ್ತೆ. ಅಲ್ಲಿಗೆ ಪೆಟ್ಟು ಬಿದ್ದಿಲ್ಲ. ಕೆಲವರು ಎಣಿಸ್ತಾರೆ, ಕೆಲವರು ಹಾಡ್ತಾರೆ. ಮಾತು ವಾಪಸ್ ಬಂತು ಅಂತ ಅಲ್ಲ ಅದು."

"ಹಾಗಾದ್ರೆ ಬರೋದೇ ಇಲ್ವಾ?"

"ಸ್ವಲ್ಪ ಸ್ವಲ್ಪ ಬರಬಹುದು. ಎಷ್ಟು ಅಂತ ನಾನು ಹೇಳಲ್ಲ."

ಮನೆಗೆ ಬರುವಾಗ ಬಸ್ಸಿನಲ್ಲಿ ಅವನ ಪಕ್ಕ ಕೂತು ಅವಳು ಒಳಗೊಳಗೇ ಕುದಿದಳು. ಎಂಥ ಜಾಣ ದೇವರು! ಕಂಡಕ್ಟರಿಗೆ ಮಾತು ಕೊಟ್ಟ, ಕಿತ್ತುಕೊಂಡ. ಕಿತ್ತುಕೊಳ್ಳುವಾಗ ತನ್ನ ಪಾಲಿನದನ್ನು ಮಾತ್ರ ಜೋಪಾನವಾಗಿ ಬಿಟ್ಟ. ತನಗೆ ಬೇಕಾದ ಸ್ತೋತ್ರ ಒಂದಕ್ಷರ ಹಾಳಾಗಿಲ್ಲ. ನನಗೇನಿದೆ? ಉಪ್ಪಿನ ಡಬ್ಬಿ. ಆಮೇಲೆ ಅದಕ್ಕಿಂತ ಕಹಿಯಾದದ್ದು ಹೊಳೆಯಿತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಮನುಷ್ಯ ಊರಿಗೆಲ್ಲ ಮಾತು ಹಂಚಿದ. ದೇವರಿಗೆ ದಿನಕ್ಕೆ ಎರಡು ಸಲ ತಪ್ಪದೆ ಹೇಳಿದ. ನನಗೆ ಅಂತ ದಿನಾ ಒಂದು ಮಾತು ಹೇಳಿದ್ದರೆ ಅದೂ ಉಳಿದಿರುತ್ತಿತ್ತಲ್ಲ. ಅವನನ್ನು ಕಂಡರೆ ಮರುಕ, ಅವನನ್ನು ಕಂಡರೆ ಹೊಟ್ಟೆ ಉರಿ, ಎರಡೂ ಒಟ್ಟಿಗೆ.

ಮರುದಿನ ರೋಲರ್ ನಿಂತ ಗಳಿಗೆಯಲ್ಲಿ ಆಚೆ ತುದಿಯವಳು ಕೂಗಿ ಹೇಳಿದಳು, "ದೇವರ ಮಹಿಮೆ ಕಣೇ! ನಮ್ಮ ಬೀದಿಯಲ್ಲೆಲ್ಲ ಅದೇ ಮಾತು!" ಇವಳು ಹೌದು ಎಂದು ತಲೆಯಾಡಿಸಿದಳು. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಳಿದ ಮಾತನ್ನು ನುಂಗಿಕೊಳ್ಳುವುದೆಂದರೆ ಬೀದಿ ಬೀದಿಗೆ ಹೋಗಿ ನುಂಗಬೇಕಿತ್ತು. ಅದೂ ಅಲ್ಲದೆ ಅವಳಿಗೆ ಒಂದು ಹಟ ಹುಟ್ಟಿತ್ತು. ಸ್ತೋತ್ರ ತಾನೇ ಬೇಕು ಆ ದೇವರಿಗೆ? ಸಭೆಯ ಎದುರಿಗೇ ತಗೊಳ್ಳಲಿ. ಮೊದಲ ಸಾಲು ಕಿವಿಯಲ್ಲಿ ಹೇಳಿದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಬಾಯಿಪಾಠವೋ ಪವಾಡವೋ ಯಾರಿಗೆ ಗೊತ್ತಾಗುತ್ತದೆ?

ಹೊಸ ವರ್ಷದ ಬೆಳಿಗ್ಗೆ ಅವನಿಗೆ ಕೋಟು ತೊಡಿಸಿ ಗುಂಡಿ ಹಾಕುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು ಕೇಳಿದಳು. "ಅಪ್ಪನ್ನ ಒಂದು ಮಾತು ಕೇಳಿದ್ಯಾ ಅಮ್ಮ?"

"ಕೇಳಿದ್ರೆ ಏನು ಹೇಳ್ತಾರೆ? ಅದು ಅಂತಾರೆ."

ಮಗಳು ಬಗ್ಗಿ ಅಪ್ಪನ ಕಾಲಿಗೆ ಚಪ್ಪಲಿ ತೊಡಿಸಿದಳು.

ದೇವಾಲಯ ತುಂಬಿತ್ತು. ಪಾಸ್ಟರ್ ಕರೆದಾಗ ಗಂಡ ಹೆಂಡತಿ ಮುಂದೆ ಹೋದರು. ಡಿಪೋದವರು ಕೂಡ ನಾಲ್ಕು ಜನ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಒಬ್ಬ ಮೆಲ್ಲಗೆ "ರೇಡಿಯೋ ಆನ್ ಆಯ್ತು ನೋಡ್ರೋ" ಎಂದ. ಅವಳು ಅವನ ಕಿವಿಯ ಹತ್ತಿರ ಬಾಗಿ "ಕೃಪೆಯುಳ್ಳ ತಂದೆಯೇ, ಈ ಹೊತ್ತಿನ..." ಎಂದಳು.

ಅವನು ಹೇಳಲಿಲ್ಲ. ಸಭೆಯ ಮುಖಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಮೊದಲು ಬಸ್ಸಿನಲ್ಲಿ ನಿಂತು ಜನರನ್ನು ಎಣಿಸುತ್ತಿದ್ದ ಹಾಗೆಯೇ. ಗಂಟಲಿನ ನರ ಉಬ್ಬಿತು. "ಅ..." ಎಂದ. "ಅದು."

ಅವಳು ಇನ್ನಷ್ಟು ಹತ್ತಿರ ಬಾಗಿದಳು. ಇನ್ನೂ ಗಟ್ಟಿಯಾಗಿ ಹೇಳಿಕೊಟ್ಟಳು. "ಊಟಕ್ಕಾಗಿ ನಿನಗೆ..."

ಅವನು ತಿರುಗಿ, ತನ್ನ ಎಡಗೈಯನ್ನು ಎತ್ತಿ, ಅವಳ ಬಾಯಿಯ ಮೇಲಿಟ್ಟ. ಒತ್ತಲಿಲ್ಲ, ಸುಮ್ಮನೆ ಇಟ್ಟ. ತಲೆ ಅಡ್ಡಡ್ಡ ಆಡಿಸಿದ. ಆಮೇಲೆ ಸಭೆಯ ಕಡೆ ತಿರುಗಿ ತನ್ನದೇ ಮಾತನ್ನು ಹುಡುಕಲು ನಿಂತ.

ಎಷ್ಟು ಹೊತ್ತು ಹುಡುಕಿದನೋ. ತುಟಿ ಒಂದು ಕಡೆ ಸೊಟ್ಟಗಾಯಿತು, ಮುಷ್ಟಿ ಬಿಗಿಯಿತು, ಹಣೆಯಿಂದ ಬೆವರು ಇಳಿದು ಕೋಟಿನ ಕಾಲರು ಸೇರಿತು. "ಅದು" ಎಂದ. ಅವಳನ್ನು ತೋರಿಸಿ "ಅದು" ಎಂದ. ಮೇಲೆ ತೋರಿಸಿ "ಅದು, ಅದು" ಎಂದ. ಧೈರ್ಯ ತುಂಬಲು ಯಾರೋ ಮುದುಕಿ "ಸ್ತೋತ್ರ!" ಎಂದು ಕೂಗಿದಳು. ಅದರಿಂದ ಇನ್ನೂ ಕೆಟ್ಟಿತು. ಅವನ ಕಣ್ಣಲ್ಲಿ ನೀರು ತುಂಬಿತು. ಅವನೊಳಗೆ ಏನೋ ಒಂದಿತ್ತು, ಊಟದ ಸ್ತೋತ್ರವಲ್ಲದ್ದು, ಇವತ್ತಿನದು, ಅವನದೇ ಆದದ್ದು. ಅದೇನೆಂದು ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಅದು ಹೊರಗೆ ಬರಲೆಂದು ಅವಳು ಕಾದಿರಲಿಲ್ಲ. ಅವನನ್ನು ಬೊಂಬೆಯ ಹಾಗೆ ತಂದು ನಿಲ್ಲಿಸಿದ್ದಳು.

ಅವಳು ಅವನ ಕೈ ಹಿಡಿದುಕೊಂಡು ಸಭೆಗೆ ಹೇಳಿದಳು. "ಇವರಿಗೆ ಮಾತು ಬಂದಿಲ್ಲ. ಬಂತು ಅಂತ ಹೇಳ್ಕೊಂಡು ತಿರುಗಿದ್ದು ನಾನು. ಈ ವರ್ಷ ನನ್ನ ಹತ್ರ ಸ್ತೋತ್ರ ಇಲ್ಲ. ಕ್ಷಮಿಸಿ."

ಅವನು ಕಾಲನ್ನು ನೆಲಕ್ಕೆ ಉಜ್ಜುತ್ತ, ಇಬ್ಬರೂ ಬೆಂಚಿಗೆ ಮರಳಿದರು. ಪಾಸ್ಟರ್ ಒಳ್ಳೆಯವರು, ಉಪದೇಶ ಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಹಾಡಿನ ನಂಬರ್ ಹೇಳಿದರು. ಅದೂ ತಪ್ಪು ನಂಬರ್. ಅರ್ಧ ಸಭೆ ಒಂದು ಹಾಡು, ಇನ್ನರ್ಧ ಇನ್ನೊಂದು ಹಾಡು ಶುರು ಮಾಡಿತು.

ಮನೆಯಲ್ಲಿ ಮಗಳು ಮೂರು ತಟ್ಟೆ ಹಾಕಿದಳು. ಅವನು ದಣಿದು ಗೋಡೆ ನೋಡುತ್ತ ಕೂತಿದ್ದ. ಅವಳು ಎದುರಿಗೆ ಕೂತು ಆ ಮುಖವನ್ನು ನೋಡಿದಳು. ಬಸ್ಸಿನಲ್ಲಿ ಲೆಕ್ಕ ಹಾಕಿದ್ದು ನೆನಪಾಯಿತು: ನನಗೆ ಅಂತ ದಿನಾ ಏನು ಹೇಳಿದ? ಈಗ ಅದೇ ಲೆಕ್ಕ ತಿರುಗಿ ಅವಳ ಮೇಲೆಯೇ ಬಂತು. ನಾನು ಇವನಿಗೆ ದಿನಾ ಏನು ಹೇಳಿದೆ? ಬೇಗ ಮುಗಿಸಿ, ಊಟ ಆರಿ ಹೋಗುತ್ತೆ ಅಂದೆ. ನಾಳೆ ನನ್ನ ಕೈಯಿಂದಲೂ ಏನಾದರೂ ಜಾರಿ ಬಿದ್ದರೆ, ನನ್ನ ಬಾಯಲ್ಲಿ ಇವನಿಗೆ ಅಂತ ಉಳಿಯುವುದು ಅದೇ.

ಅವಳು ಸ್ತೋತ್ರದ ಮೊದಲ ಸಾಲನ್ನು ಅವನಿಗೆ ಎತ್ತಿಕೊಡಲಿಲ್ಲ. ಬೆಳೆದವರನ್ನೂ ರಸ್ತೆಯಲ್ಲಿರುವವರನ್ನೂ ಹಾಸಿಗೆ ಹಿಡಿದವರನ್ನೂ ತಾನೇ ನೆನೆದು, ನಡುವೆ ಎರಡು ಕಡೆ ತಪ್ಪಿ, ಆಮೆನ್ ಹೇಳಿ ಮುಗಿಸಿದಳು. ಅವನು ಕಣ್ಣು ಬಿಟ್ಟು ಚಮಚಕ್ಕೆ ಕೈ ಚಾಚಿದ. ಅವಳು ತಡೆದಳು.

"ರೀ, ಇಲ್ಲಿ ನೋಡಿ. ನೀವು ನಮ್ಮ ಜೊತೆ ಇದ್ದೀರಿ. ಅದಕ್ಕೆ ಸ್ತೋತ್ರ."

ಸ್ಟಾಪಿನ ಹೆಸರು ಕೂಗಿದಷ್ಟು ಒಣಗಿತ್ತು ದನಿ. ಅವನು ಚಮಚ ಎತ್ತಿಕೊಂಡ.

ಎರಡನೆಯ ತಾರೀಖು ಹೇಳಿದಳು. ಮೂರಕ್ಕೂ ಹೇಳಿದಳು. ಲಾಂಡ್ರಿಯಿಂದ ಸೋತು ಬಂದ ದಿನವೂ, ಅವನು ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡು ಇವಳು ಸಿಟ್ಟಿನಿಂದ ಅತ್ತ ದಿನವೂ, ತಟ್ಟೆಯ ಮುಂದೆ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ವಾರ ನೋಡಿದ ಮಗಳು ಪಾತ್ರೆ ತೊಳೆಯುವಾಗ ಕೇಳಿಯೇಬಿಟ್ಟಳು.

"ಅಮ್ಮ, ಅದನ್ನ ಮನಸ್ಸಿಂದ ಹೇಳ್ತಿದ್ಯಾ?"

ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಇನ್ನೂ ಇಲ್ಲ ಕಣೇ," ಎಂದಳು. "ಮೊದ್ಲು ಬಾಯಿಪಾಠ ಆಗ್ಲಿ."