ತೊಕುಯಿಚಿ ನೋಡಿದ ಸಿನಿಮಾ

ಕುರುಡನಿಗೆ ಸಿನಿಮಾ ಯಾಕೆ ಎಂದು ಕೋಬೆ ಊರಿನ ಶಿಂಕೈಚಿ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಆ ಆಸಾಮಿ ಇನ್ನೂ ಕೋಗೆತ್ಸು ಮೇಷ್ಟ್ರ ಬಾಯಲ್ಲಿ ಕಥೆ ಕೇಳಿಲ್ಲ ಎಂದೇ ಲೆಕ್ಕ. ತೊಕುಯಿಚಿ ಮೈ ಒತ್ತುವವನು. ಆರನೆಯ ವಯಸ್ಸಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋಗಿ, ಈಗ ಐವತ್ತು ದಾಟಿತ್ತು. ಸಂಜೆ ಪೀಪಿ ಊದುತ್ತಾ ಬೀದಿ ತಿರುಗಿ ಜನರ ಬೆನ್ನು ಒತ್ತುವುದು ಕಸುಬು. ಮಧ್ಯಾಹ್ನವೆಂದರೆ ಮಾತ್ಸುಕಾಝೆ ಚಿತ್ರಮಂದಿರ, ಮೊದಲ ಸಾಲು, ಎಡತುದಿಯ ಕುರ್ಚಿ. ಅದನ್ನು ಬೇರೆ ಯಾರಾದರೂ ಹಿಡಿದರೆ ಬಾಗಿಲು ಕಾಯುವವನೇ ಬಂದು ಎಬ್ಬಿಸುತ್ತಿದ್ದ.

ಆ ಕುರ್ಚಿಗೆ ನಾಲ್ಕೇ ಮಾರು ದೂರದಲ್ಲಿ, ಪರದೆಯ ಪಕ್ಕ, ಪುಟ್ಟ ಮೇಜಿನ ಹಿಂದೆ ಕೋಗೆತ್ಸು ಮೇಷ್ಟ್ರು ನಿಲ್ಲುತ್ತಿದ್ದರು. ಮೂಕಚಿತ್ರಕ್ಕೆ ಮಾತು ಕೊಡುವ ಬೆನ್ಶಿ ಅವರು. ಗಂಡಸು, ಹೆಂಗಸು, ಎಳೆಗೂಸು, ಮುದುಕಿಯ ಕೆಮ್ಮು, ಹಿಮ ಬೀಳುವ ಸದ್ದಿಲ್ಲದ ಸದ್ದು, ಎಲ್ಲವೂ ಆ ಒಂದೇ ಗಂಟಲಿನಿಂದ. ಎಂಥ ಗಂಟಲಪ್ಪ ಅದು! ಪರದೆಯ ಮೇಲಿನ ನಟನ ಹೆಸರು ಮರೆತವರೂ ಮೇಷ್ಟ್ರ ಹೆಸರು ಹಿಡಿದು ಕೂಗುತ್ತಿದ್ದರು. ಹದಿನಾರು ವರ್ಷಗಳಲ್ಲಿ ತೊಕುಯಿಚಿ ಸಮುದ್ರ ನೋಡಿದ್ದು, ಯುದ್ಧ ನೋಡಿದ್ದು, ಪ್ಯಾರಿಸ್ ನೋಡಿದ್ದು ಎಲ್ಲಾ ಅಲ್ಲೇ.

ಶೋವಾ ಐದನೆಯ ವರ್ಷದ, ಅಂದರೆ 1930ರ, ಶರತ್ಕಾಲದ ಒಂದು ಮಧ್ಯಾಹ್ನ, ಆಟಕ್ಕೆ ಮುಂಚೆ, ಅವನು ಎಂದಿನಂತೆ ಒಳಕೋಣೆಯಲ್ಲಿ ಮೇಷ್ಟ್ರ ಹೆಗಲು ಒತ್ತುತ್ತಿದ್ದ.

"ಏನ್ ಮೇಷ್ಟ್ರೇ, ಹೆಗಲು ಕಲ್ಲಾಗಿದೆಯಲ್ಲ. ರಾತ್ರಿ ಮಲಗಲಿಲ್ವಾ?"

"ಮಾತಾಡೋ ಯಂತ್ರ ಬಂದು ಕೂತಿರೋವಾಗ ಯಾವನಿಗೋ ನಿದ್ದೆ?"

ಸಂಗತಿ ಬೀದಿಗೆಲ್ಲ ಗೊತ್ತಿತ್ತು. ಮಂದಿರದ ಯಜಮಾನಿ ಒತಾಕೆ ಪರದೆಯ ಹಿಂದೆ ಆಳೆತ್ತರದ ಧ್ವನಿಪೆಟ್ಟಿಗೆ ತಂದು ನಿಲ್ಲಿಸಿದ್ದಳು. ವಾದ್ಯದವರನ್ನು ಹೋದ ವಾರವೇ ಮನೆಗೆ ಕಳಿಸಿಯಾಗಿತ್ತು. ಇವತ್ತಿನ ಪರದೇಶದ ಚಿತ್ರ ತಾನೇ ಮಾತಾಡುತ್ತದೆ. ಆದರೆ ಆ ಭಾಷೆ ಯಾರಿಗೆ ಬರಬೇಕು? ಅದರ ಮೇಲೆಯೇ ಕಥೆ ಹೇಳಿ, ಜನ ಒಪ್ಪಿದರೆ ಉಳಿಯಿರಿ, ಒಪ್ಪದಿದ್ದರೆ ತಿಂಗಳ ಕೊನೆಗೆ ಹೊರಡಿ ಎಂದು ಅವಳು ನೇರವಾಗಿ ಹೇಳಿಬಿಟ್ಟಿದ್ದಳು.

"ನೀವು ಹೋದ್ರೆ ನಾನು ಎರಡನೇ ಸಲ ಕುರುಡ ಆಗ್ತೀನಿ ಮೇಷ್ಟ್ರೇ," ಎಂದ ತೊಕುಯಿಚಿ.

"ಹಾಳು ಬಾಯಿ ಬಿಡಬೇಡ. ಕತ್ತು ಒತ್ತು."

ಮಂದಿರ ತುಂಬಿ ತುಳುಕುತ್ತಿತ್ತು. ದೀಪ ಆರಿತು. ಪೆಟ್ಟಿಗೆ ಬಾಯಿ ಬಿಟ್ಟದ್ದೇ ತಡ, ತೊಕುಯಿಚಿ ಕುರ್ಚಿಯ ಕೈ ಹಿಡಿದುಕೊಂಡ. ರೈಲು ನೆತ್ತಿಯ ಮೇಲೆ ಓಡಿದ ಹಾಗಿತ್ತು. ಮೇಷ್ಟ್ರು ಆ ಸದ್ದಿಗಿಂತ ಜೋರಾಗಿ ಹೇಳಲು ಹೊರಟರು. ಅದೇ ತಪ್ಪಾಯಿತು. ವರ್ಷಗಟ್ಟಲೆ ಪಳಗಿಸಿದ ಉದ್ದುದ್ದ ಮಾತು, ಹಾಡಿನಂಥ ಏರಿಳಿತ, ಎಲ್ಲವನ್ನೂ ಯಂತ್ರದ ಮೇಲೆ ಒಗೆದರು. ಯಂತ್ರಕ್ಕೆ ಏನು, ದಣಿವೇ, ನಾಚಿಕೆಯೇ? ಅದು ತನ್ನ ಪಾಡಿಗೆ ಗಳಹುತ್ತಿತ್ತು. ಕಾಲು ಗಂಟೆಯಲ್ಲಿ ಮೇಷ್ಟ್ರ ಗಂಟಲು ಒಡೆಯಿತು.

"ಎರಡೂ ಕೇಳ್ತಿಲ್ಲ, ಯಾರಾದ್ರೂ ಒಬ್ರು ಬಾಯ್ಮುಚ್ರಪ್ಪ," ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಮೇಷ್ಟ್ರು ನಿಲ್ಲಿಸಿಬಿಟ್ಟರು. ಆ ಗಂಟಲು ಕಥೆಯ ನಡುವೆ ಸುಮ್ಮನಾದದ್ದನ್ನು ತೊಕುಯಿಚಿ ಕೇಳಿದ್ದು ಅದೇ ಮೊದಲು. ಮುಂದೆ ಬರೀ ಕತ್ತಲೆ. ಬಾಗಿಲು ಕಿರ್ರೆಂದಿತು. ಯಾರೋ ನಡೆದರು. ಅರ್ಥವಾಗದ ಭಾಷೆಯಲ್ಲಿ ಒಂದು ಹೆಣ್ಣು ಏನೋ ಅಂದಿತು, ಆಮೇಲೆ ಏನೂ ಇಲ್ಲ. ಅವನಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಎದ್ದೇ ನಿಂತ.

"ಮೇಷ್ಟ್ರೇ, ಈಗ ಬಂದೋರು ಯಾರು?"

ಜನ ಮತ್ತೆ ನಗಬಹುದಿತ್ತು, ನಗಲಿಲ್ಲ. ಮೇಜಿನ ಹಿಂದಿನಿಂದ ಉತ್ತರ ಬಂತು, ಹರಿದ ದನಿಯಲ್ಲಿ, ಪಕ್ಕದಲ್ಲಿ ಕೂತವನಿಗೆ ಹೇಳುವಷ್ಟೇ ಮೆಲ್ಲಗೆ.

"ಹೆಂಡತಿ ಬಂದ್ಲು. ಕೆಂಪು ಶಾಲು. ಒಳಗೆ ಬರೋದೋ ಬೇಡವೋ ಅಂತ ನಿಂತಿದಾಳೆ."

ಪೆಟ್ಟಿಗೆ ಮಾತಾಡಿತು. ಅದು ಮುಗಿಯುವ ತನಕ ಮೇಷ್ಟ್ರು ಕಾದರು. ಮತ್ತೆ ಹೇಳಿದರು: "ಗಂಡ ತಿರುಗಿ ನೋಡ್ಲಿಲ್ಲ."

ಅಷ್ಟೇ. ನಾಲ್ಕು ಮಾತು, ಸುಮ್ಮನೆ ಕಾಯುವುದು, ಮತ್ತೆ ಎರಡು ಮಾತು. ಯಂತ್ರ ಉಸಿರು ತೆಗೆದುಕೊಂಡ ಕಡೆ ಇವರು ಹೇಳುವರು, ಅದು ಹೇಳುವಾಗ ಇವರು ಸುಮ್ಮನಿರುವರು. ಸಾವಿರ ಜನ ಕೆಮ್ಮನ್ನೂ ನುಂಗಿಕೊಂಡು ಕೇಳಿದರು. ಕೊನೆಯಲ್ಲಿ "ಅವಳು ಅಳ್ತಿಲ್ಲ. ಕೈ ಮಾತ್ರ ಅಲುಗ್ತಿದೆ" ಎಂದಾಗ ಇಡೀ ಮಂದಿರ ಮೂಗು ಒರೆಸಿಕೊಂಡಿತು. ಒಬ್ಬ ಮನುಷ್ಯ ತನ್ನ ಅರ್ಧ ಆಯುಷ್ಯದ ವಿದ್ಯೆಯನ್ನು ಬದಿಗಿಟ್ಟು ಕಾಲು ಗಂಟೆಯಲ್ಲಿ ಹೊಸತನ್ನು ಕಲಿಯುವುದೆಂದರೆ ಹುಡುಗಾಟವೇ?

ಆಟ ಮುಗಿದ ಮೇಲೆ ಯಜಮಾನಿ ಒಳಕೋಣೆಗೆ ಬಂದಳು. ಅವಳ ಮೂಗೂ ಕಟ್ಟಿತ್ತು.

"ನನ್ನ ಗಂಡ ಇದ್ದ ಕಾಲದಿಂದ ಕೇಳ್ತಿದೀನಿ ಮೇಷ್ಟ್ರೇ. ಇಂಥದ್ದು ಕೇಳಿರಲಿಲ್ಲ," ಎಂದಳು. ಮೂಗು ಒರೆಸಿಕೊಂಡು ಹೇಳಿದಳು: "ಈಗಷ್ಟೇ ಕಾಗದ ಬಂತು. ಮುಂದಿನ ವರ್ಷದಿಂದ ಬರೋ ಚಿತ್ರಗಳಲ್ಲಿ ಪರದೆ ಮೇಲೇನೇ ನಮ್ಮ ಅಕ್ಷರ ಹಾಕಿರ್ತಾರಂತೆ. ಓದಿಕೊಳ್ಳೋ ಜನಕ್ಕೆ ಹೇಳೋರು ಯಾಕೆ ಅಂತಾರೆ. ಅಲ್ಲೀವರೆಗೂ ಇರಿ. ಆಮೇಲೆ ನನ್ನ ಕೈಲಾಗಲ್ಲ."

"ಓದೋಕೆ ಬರದವನ ಗತಿ?" ಮೇಷ್ಟ್ರ ಕತ್ತು ಒತ್ತುತ್ತಿದ್ದ ತೊಕುಯಿಚಿ ಸಿಡುಕಿದ.

"ಒಬ್ಬನಿಗೋಸ್ಕರ ನಾನು ಮಂದಿರ ನಡೆಸಲಾರೆ ತೊಕು."

ಅವಳು ಕೆಟ್ಟವಳಲ್ಲ. ಹೇಳಿದ್ದೂ ಸುಳ್ಳಲ್ಲ. ಚಳಿಗಾಲವೆಲ್ಲ ಮೇಷ್ಟ್ರು ಹಾಗೆಯೇ ಕಥೆ ಹೇಳಿದರು, ದಿನಾ ಮಂದಿರ ತುಂಬಿತು. ಅಕ್ಷರದ ಚಿತ್ರ ಬರುವ ಹಿಂದಿನ ದಿನ ಹಿಮೇಜಿಯ ತಂಗಿಯ ಮನೆಗೆ ಹೊರಟುಹೋದರು. ಅಲ್ಲಿ ಅವಳ ಉದೊನ್ ಶಾವಿಗೆಯ ಅಂಗಡಿಯ ಮುಂದೆ ನಿಂತು ಗಿರಾಕಿಗಳನ್ನು ಕರೆಯುತ್ತಾರೆಂದು ಆಮೇಲೆ ಸುದ್ದಿ ಬಂತು.

ಹೋಗಬಾರದೆಂದುಕೊಂಡಿದ್ದರೂ ಮೇಷ್ಟ್ರು ಹೋದ ಮಾರನೆಯ ಮಧ್ಯಾಹ್ನ ತೊಕುಯಿಚಿಯ ಕಾಲು ಮಂದಿರದತ್ತಲೇ ಎಳೆಯಿತು. ಕೂತ. ಪೆಟ್ಟಿಗೆ ಏನೇನೋ ಆಡಿತು. ಬಾಗಿಲು, ಹೆಜ್ಜೆ, ಮಳೆ. ಯಾರದೋ, ಎಲ್ಲಿಯದೋ. ಎದ್ದುಹೋಗಲು ಕೋಲು ತಡಕುವಾಗ ಪಕ್ಕದ ಕುರ್ಚಿಯಿಂದ ಒಂದು ಗೊಗ್ಗರು ದನಿ ಬಂತು. ಬೆವರು, ಡಾಂಬರು ವಾಸನೆ. ಹಡಗುಕಟ್ಟೆಯ ಕೂಲಿಯಿರಬೇಕು.

"ಹೆಂಗಸು ಬಂದ್ಲು ಅಣ್ಣಾ. ಕೊಡೆ ಮಡಚ್ತಿದಾಳೆ."

ತೊಕುಯಿಚಿ ತಿರುಗಿದ.

"ಮೇಷ್ಟ್ರು ಹೇಳ್ತಿದ್ದಿದ್ದು ಕೇಳಿದೀನಿ. ಅಷ್ಟು ಚೆನ್ನಾಗಿ ಬರಲ್ಲ ನಂಗೆ," ಎಂದ ಆ ಕೂಲಿ.

"ಪರವಾಗಿಲ್ಲ, ಹೇಳು. ಕೊಡೆ ಯಾವ ಬಣ್ಣದ್ದು?"

"ಬಣ್ಣ ಎಲ್ಲಿಂದ ತರ್ಲಿ? ಸಿನಿಮಾದಲ್ಲಿ ಬಣ್ಣ ಇರೋದುಂಟಾ? ಎಲ್ಲಾ ಬೂದಿ, ಕಪ್ಪು."

"ಇವತ್ತಿನದು ಹಾಗಾ?"

"ಎಲ್ಲವೂ ಹಾಗೇ, ಮೊದಲಿಂದ. ಹಳೇದ್ರಲ್ಲಿ ಒಂದೊಂದು ರೀಲಿಗೆ ಪೂರಾ ನೀಲಿ ಬಳೀತಿದ್ರು, ಅಷ್ಟೇ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ಹದಿನಾರು ವರ್ಷ ಅವನು ಹಳದಿ ಗದ್ದೆ ನೋಡಿದ್ದ, ಮಾಗಿದ ಕಾಕಿ ಹಣ್ಣಿನಂಥ ಕಿತ್ತಳೆ ಬಣ್ಣದ ಕಿಮೊನೊ ನೋಡಿದ್ದ, ಆ ಕೆಂಪು ಶಾಲು ನೋಡಿದ್ದ. ಆರು ವರ್ಷದ ಹುಡುಗನಾಗಿದ್ದಾಗ ಕಂಡ ಬಣ್ಣಗಳು ಇಷ್ಟು ಕಾಲ ಮಾಸದೆ ಉಳಿದದ್ದೇ ಆ ಮಾತುಗಳಿಂದ. ಉಳಿದ ಸಾವಿರ ಜನಕ್ಕೆ ಕಣ್ಣಿತ್ತು, ಅವರಿಗೆ ಬೂದಿ ಕಾಣುತ್ತಿತ್ತು. ಹಾಗಿದ್ದರೆ ಮೇಷ್ಟ್ರು ದಿನಾ ಬಣ್ಣ ಹೇಳುತ್ತಿದ್ದದ್ದು ಯಾರಿಗೆ? ತೊಕುಯಿಚಿ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಅಣ್ಣಾ? ನಾನೇನಾದ್ರೂ ತಪ್ಪು ಹೇಳಿದ್ನಾ?"

"ಇಲ್ಲಪ್ಪ, ಇಲ್ಲ. ಆದ್ರೂ ಆ ಕೊಡೆಗೆ ಒಂದು ಬಣ್ಣ ಹೇಳು."

ಕೂಲಿ ಪರದೆಯನ್ನು ಬಹಳ ಹೊತ್ತು ನೋಡಿದ.

"ಹಸಿರು," ಎಂದ ಕೊನೆಗೆ. "ಹಸಿರು ಅಂತ ಕಾಣುತ್ತೆ."